ಕೊಟ್ಟಿಗೆ ಹಿಂದಿನ ಮಟ್ಟ ಜಾಗ: ತೋಟದ ಮನೆ ಪಕ್ಕ ಇನ್ನೊಂದು ಮನೆ ಕಟ್ಟಹೊರಟ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕು. ಆಗುಂಬೆ ರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಒಳಗೆ ಹೋದರೆ ಸಿಗುವ ಒಂಟಿ ಮನೆ. ಅಪ್ಪಯ್ಯ, ಅಮ್ಮ, ದೊಡ್ಡ ಮಗ, ಅವನ ಹೆಂಡತಿ, ಇಬ್ಬರು ಮಕ್ಕಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸಣ್ಣ ಮಗ ಕೊರೊನಾ ಕಾಲದಲ್ಲಿ ಊರಿಗೆ ಬಂದವನು ಮತ್ತೆ ಪೂರ್ತಿ ಹೋಗಲಿಲ್ಲ. ಮದುವೆಯೂ ಆಯಿತು. ಹಳೆ ಮನೆಯ ಪಕ್ಕದಲ್ಲೇ ತನಗೊಂದು ಚಿಕ್ಕ ಮನೆ ಬೇಕು ಎನ್ನುವುದು ಅವನ ಆಸೆ. 28 ಅಡಿ ಅಗಲ, 36 ಅಡಿ ಉದ್ದ. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಲು ಜಗುಲಿಯಲ್ಲೊಂದು ಮೂಲೆ. ಮುಂದೆ ಕೈಗೂಡಿದರೆ ಕುಂದಾದ್ರಿ, ಕವಲೇದುರ್ಗ ನೋಡಲು ಬರುವವರಿಗೆ ಒಂದು ಕೋಣೆ ಕೊಟ್ಟು ನಾಲ್ಕು ಕಾಸು ಮಾಡುವುದು.

ನಕ್ಷೆ ಬರೆದುಕೊಡಿ ಎಂದು ಅವರು ನನ್ನನ್ನು ಕರೆದಿದ್ದರು. ಈ ಕುಟುಂಬದ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇಂಥದ್ದೇ ಬೇರೆ ಮನೆಗಳ ಸಂಗತಿಯೂ ಇದರೊಳಗೆ ಸೇರಿಕೊಂಡಿದೆ. ಕಾನೂನಿನ ಮಾತಿಗೆ ಮಾತ್ರ ಕೈ ಹಚ್ಚಿಲ್ಲ.

"ನಮ್ಮ ಜಾಗ, ನಮ್ಮ ದುಡ್ಡು. ಪಂಚಾಯ್ತಿಗೊಂದು ಅರ್ಜಿ ಹಾಕಿದ್ರೆ ಆಯ್ತಲ?" ಎಂದು ಶುರು ಮಾಡಿದವನು ಸಣ್ಣ ಮಗ. ಎರಡು ಪದದ ಆ ಮೊದಲ ಮಾತಿಗೆ, 'ನಮ್ಮ ಜಾಗ' ಅನ್ನುವುದಕ್ಕೆ, ಉತ್ತರ ಹುಡುಕುವುದರಲ್ಲೇ ಈ ಪ್ರಕರಣದ ಮುಕ್ಕಾಲು ಪಾಲು ಕಳೆಯಿತು.

ಶಿವಮೊಗ್ಗ ಪೇಟೆಯಲ್ಲಾಗಿದ್ದರೆ ಲೆಕ್ಕ ಬೇರೆ. ಅಲ್ಲಿ ಬಡಾವಣೆಯ 30×40 ಸೈಟು ಅಂದರೆ 1,200 ಚದರ ಅಡಿ. ನಾಲ್ಕೂ ಕಡೆ ಕಲ್ಲು ನೆಟ್ಟಿರುತ್ತದೆ, ಬಳಕೆ ವಸತಿ ಎಂದು ಮೊದಲೇ ಗೊತ್ತು. ಹಿಂದೆ ಒಂದು ಔಟ್‌ಹೌಸ್ ಎಬ್ಬಿಸಬೇಕೆಂದರೆ ಪ್ರಶ್ನೆ ಬರುವುದು ಅಡಿಗಳದ್ದು: ಸುತ್ತ ಎಷ್ಟು ಬಿಡಬೇಕು, ನೆಲದ ಎಷ್ಟು ಭಾಗ ಮುಚ್ಚಬಹುದು, ಒಟ್ಟು ಎಷ್ಟು ಮಹಡಿ. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ವಲಯ ನಿಯಮ ನೋಡಿ, ಮಹಾನಗರ ಪಾಲಿಕೆಯಲ್ಲಿ ಲೈಸೆನ್ಸ್ ತೆಗೆದುಕೊಂಡರೆ ದಾರಿ ನೇರ. ಇಷ್ಟವಾಗುತ್ತದೋ ಇಲ್ಲವೋ, ಉತ್ತರವಂತೂ ಸಿಗುತ್ತದೆ.

ಮಲೆನಾಡಿನ ಒಂಟಿ ಮನೆಗೆ ಆ ನೆಲಗಟ್ಟೇ ಇಲ್ಲ. ಬಯಲುಸೀಮೆಯ ಹಳ್ಳಿಯ ಹಾಗೆ ಇಲ್ಲಿ ಮನೆಗಳು ಗ್ರಾಮಠಾಣದೊಳಗೆ, ಅಂದರೆ ಊರವರ ವಾಸಕ್ಕೆಂದು ಗುರುತಿಸಿದ ನೆಲದಲ್ಲಿ, ಗೋಡೆಗೆ ಗೋಡೆ ತಾಗಿಸಿ ನಿಂತಿಲ್ಲ. ತೋಟದ ತಲೆಯಲ್ಲಿ, ನೀರಿಗೆ ಹತ್ತಿರ, ಧರೆಗೆ, ಅಂದರೆ ಮಣ್ಣಿನ ಕಡಿದಾದ ದಿಬ್ಬಕ್ಕೆ, ಬೆನ್ನು ಕೊಟ್ಟು ಮನೆ. ಮನೆ ನಿಂತಿರುವುದು ಬಾಗಾಯ್ತಿನ, ಅಂದರೆ ತೋಟದ ಜಮೀನಿನ, ಸರ್ವೆ ನಂಬರಿನಲ್ಲಿ, ಕೆಳಗೆ ತರಿ ಜಮೀನು, ಅಂದರೆ ಗದ್ದೆ, ಮೇಲೆ ಬೆಟ್ಟ. ಮನೆಯ ಸುತ್ತ ಕೊಟ್ಟಿಗೆ, ಅಡಿಕೆ ಬೇಯಿಸುವ ಒಲೆಯ ಮಾಡು, ಸುಲಿಯುವ ಚಪ್ಪರ, ಸಾಮಾನಿನ ಕೋಣೆ, ಗೊಬ್ಬರಗುಂಡಿ. ಇವೆಲ್ಲ ಒಂದೇ ಮನೆಯ ಅಂಗಗಳೆಂದು ಮನೆಯವರು ನಡೆದಾಡುತ್ತಾರೆ. ಸರ್ವೆ ನಕ್ಷೆ ತೆರೆದರೆ ಇದೇ ಅಂಗಳದ ಮೇಲೆ ಎರಡು ಮೂರು ಬಗೆಯ ನೆಲದ ಗೆರೆಗಳು ಹಾಯ್ದಿರುತ್ತವೆ.

ಸಣ್ಣ ಮಗ ಆರಿಸಿದ್ದ ಜಾಗ ಕೊಟ್ಟಿಗೆಯ ಹಿಂದಿನ ಮಟ್ಟ. ನೋಡಲು ಚೆಂದದ ಜಾಗ, ಸುಳ್ಳು ಹೇಳಬಾರದು. ಹಳೆ ಮನೆಯ ಸದ್ದು ಕೇಳಿಸುವುದಿಲ್ಲ, ತೋಟ ಪೂರ್ತಿ ಕಾಣುತ್ತದೆ, ಜೆಸಿಬಿ ತಂದು ಧರೆಯನ್ನು ಸ್ವಲ್ಪ ತಗ್ಗಿಸಿದರೆ 40 ಅಡಿ ಸಪಾಟು ಸಿಗುತ್ತದೆ. ನಾನು ಟೇಪು ಹಿಡಿಯುವ ಮೊದಲು ಪಹಣಿ ಕೇಳಿದೆ. ಅಪ್ಪಯ್ಯ ಕಬ್ಬಿಣದ ಪೆಟ್ಟಿಗೆಯಿಂದ ತೆಗೆದುಕೊಟ್ಟರು.

ಒಟ್ಟು ಹಿಡುವಳಿ 4 ಎಕರೆ, ಎಲ್ಲವೂ ಅಪ್ಪಯ್ಯನ ಹೆಸರಿನಲ್ಲಿ. ಬಾಗಾಯ್ತಿನ ಸರ್ವೆ ನಂಬರು 2 ಎಕರೆ 20 ಗುಂಟೆ, ತರಿ 1 ಎಕರೆ 20 ಗುಂಟೆ. ಬಾಗಾಯ್ತಿನ ವಿಸ್ತೀರ್ಣದ ಪಕ್ಕದಲ್ಲಿ 'ಖರಾಬ್ ಅ: 12 ಗುಂಟೆ' ಎಂದು ಇತ್ತು. ಈ 12 ಗುಂಟೆಯ ಕಡೆ ಮನೆಯಲ್ಲಿ ಯಾರೂ ಯಾವತ್ತೂ ಕಣ್ಣು ಹಾಕಿರಲಿಲ್ಲ. ಖರಾಬು ಅಂದರೆ ಕೆಟ್ಟದ್ದು, ಸರ್ಕಾರದ್ದು, ನಮಗೆ ಬಾರದ್ದು ಎಂದೇ ಹೆಚ್ಚಿನವರ ತಿಳಿವಳಿಕೆ.

ಅದು ಅರ್ಧ ಮಾತ್ರ ನಿಜ. ಖರಾಬಿನಲ್ಲಿ ಎರಡು ಜಾತಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 21ನೇ ನಿಯಮ ಇದನ್ನು ಬಿಡಿಸಿ ಹೇಳುತ್ತದೆ. 'ಬ' ಖರಾಬು ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಹತ್ತು ಜನರ ಬಳಕೆಯದ್ದು. ಅದರ ಮೇಲೆ ಹಿಡುವಳಿದಾರನಿಗೆ ಹಕ್ಕಿಲ್ಲ. 'ಅ' ಖರಾಬು ಮೊದಲ ಸರ್ವೆಯ ಕಾಲದಲ್ಲಿ ಸಾಗುವಳಿಗೆ ಬಾರದ್ದೆಂದು ಕಂದಾಯದಿಂದ ಬಿಟ್ಟ ನೆಲ. ಹಿಡುವಳಿದಾರನ ಕೃಷಿ ಕಟ್ಟಡಗಳು ಮತ್ತು ಕಣ ಇದರೊಳಗೆ ಬರುತ್ತವೆ ಎಂದು ನಿಯಮವೇ ಹೇಳುತ್ತದೆ. ಅಂದರೆ ಸರ್ವೆಯವರು ಬಂದಾಗ ಈ ಮನೆತನದ ಮನೆ, ಅಂಗಳ, ಭತ್ತ ಬಡಿಯುವ ಕಣ ಎಲ್ಲಿದ್ದವೋ ಆ 12 ಗುಂಟೆಯನ್ನು ಅಳೆದು ಬೇರೆ ಇಟ್ಟಿದ್ದರು. ಮನೆ ಕಟ್ಟಲು ಈ ಹಿಡುವಳಿಯಲ್ಲಿ ಎಲ್ಲಕ್ಕಿಂತ ಹಸನಾದ ನೆಲ ಇದ್ದರೆ ಅದು ಈ 'ಕೆಟ್ಟ' ನೆಲವೇ.

ಕೊಟ್ಟಿಗೆ ಹಿಂದಿನ ಮಟ್ಟ ಜಾಗ ಈ 12 ಗುಂಟೆಯೊಳಗೆ ಇದೆಯೇ? ಸಣ್ಣ ಮಗ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆದು ತೋರಿಸಿದ. ನೀಲಿ ಚುಕ್ಕೆ ಒಮ್ಮೆ ಅವರ ಸರ್ವೆ ನಂಬರಿನಲ್ಲಿ, ಇನ್ನೊಮ್ಮೆ ಪಕ್ಕದ್ದರಲ್ಲಿ. ಆ ಆ್ಯಪ್ ಯಾವ ಸರ್ವೆ ನಂಬರಿನ ಹತ್ತಿರ ನಿಂತಿದ್ದೀರಿ ಎಂದು ತಿಳಿಯಲು ಒಳ್ಳೆಯದು, ಗೋಡೆ ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಅಲ್ಲ. ಅಡಿಕೆ ಮರದಡಿ ನಿಂತಾಗ ಫೋನಿಗೆ ಆಕಾಶವೇ ಸರಿಯಾಗಿ ಕಾಣುವುದಿಲ್ಲ. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯರ್ ಬಂದು ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ ಎಂದೆ.

ಸರ್ವೆಯರ್ ಬಂದು, ಹಳೆ ಅಳತೆಯ ದಾಖಲೆಯಾದ ಟಿಪ್ಪಣಿ ನೋಡಿ, ಹಳೆ ಗಡಿಕಲ್ಲು ಹುಡುಕಿ ಅಳತೆ ಎಳೆದಾಗ ಗೆರೆ ಕೊಟ್ಟಿಗೆಯ ಮಧ್ಯದಲ್ಲೇ ಹಾಯಿತು. ಕೊಟ್ಟಿಗೆಯ ಮುಂದಿನ ಅಂಕಣಗಳು, ಅಂದರೆ ಕಂಬದಿಂದ ಕಂಬದ ನಡುವಿನ ಭಾಗಗಳು, ಇವರ ನೆಲದಲ್ಲಿ. ಹಿಂದಿನ ಎರಡು ಅಂಕಣ, ಗೊಬ್ಬರಗುಂಡಿ, ಮತ್ತು ಸಣ್ಣ ಮಗ ಕನಸು ಕಟ್ಟಿದ್ದ ಮಟ್ಟ ಜಾಗ ಪೂರ್ತಿಯಾಗಿ ಪಕ್ಕದ ಸರ್ವೆ ನಂಬರಿನಲ್ಲಿ. ಅದರ ಪಹಣಿ ತೆಗೆಸಿದರೆ ಬಂದದ್ದು: ಸರ್ಕಾರ, ಸೊಪ್ಪಿನಬೆಟ್ಟ.

"ಎಂಥ ಮಾರಾಯ್ರೆ, ನನ್ನ ಅಜ್ಜನ ಕಾಲದಿಂದ ಅಲ್ಲಿ ಗೊಬ್ಬರಗುಂಡಿ ಇದೆ. ಈಗ ನಮ್ದಲ್ಲ ಅಂದ್ರೆ ಹ್ಯಾಂಗೆ?" ಅಪ್ಪಯ್ಯನ ಸಿಟ್ಟಿಗೆ ಕಾರಣವಿತ್ತು. ಸೊಪ್ಪಿನಬೆಟ್ಟ ಪರರ ನೆಲವೆಂದು ಮಲೆನಾಡಿನ ಯಾವ ತೋಟಗಾರನೂ ಎಣಿಸುವುದಿಲ್ಲ. ತೋಟಕ್ಕೆ ಸೊಪ್ಪು, ದರಗು, ಕೊಟ್ಟಿಗೆಗೆ ಹಾಸು, ಒಲೆಗೆ ಕಟ್ಟಿಗೆ ಎಲ್ಲವೂ ಅಲ್ಲಿಂದಲೇ. ಕಾನೂನು ಕೂಡ ಈ ನಂಟನ್ನು ಒಪ್ಪಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಕಲಮಿನಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಕೊಡಗಿನ ಜಮ್ಮಾ ಬಾಣೆಗಳ ಸಾಲಿನಲ್ಲೇ ಹಳೇ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನಬೆಟ್ಟಗಳ ಹೆಸರಿದೆ. ಅವುಗಳ ಮೇಲೆ ಮೊದಲಿನಿಂದ ಬಂದ ಸವಲತ್ತು ಮುಂದುವರಿಯುತ್ತದೆ ಎಂದಿದೆ. ಆದರೆ ಅದು ಸವಲತ್ತು. ಸೊಪ್ಪು ಕೊಯ್ಯಬಹುದು, ತರಗೆಲೆ ಒಟ್ಟಬಹುದು. ಪಾಯ ತೆಗೆಯುವಂತಿಲ್ಲ.

ಸುಮ್ಮನೆ ಕಟ್ಟಿಬಿಟ್ಟು ಆಮೇಲೆ ಸಕ್ರಮ ಮಾಡಿಸಿಕೊಂಡರಾಯಿತಲ್ಲ ಎನ್ನುವ ಸಲಹೆ ಇಂಥ ಕಡೆ ತಪ್ಪದೆ ಬರುತ್ತದೆ. ಇಲ್ಲಿಯೂ ಬಂತು, ಮೇಲಿನ ಮನೆಯ ನೆಂಟರಿಂದ. ಅವರ ಮನಸ್ಸಿನಲ್ಲಿದ್ದದ್ದು ಅದೇ ಭೂಕಂದಾಯ ಅಧಿನಿಯಮದ 94ಸಿ ಕಲಮು. ಗ್ರಾಮಾಂತರದ ಸರ್ಕಾರಿ ಜಾಗದಲ್ಲಿ ಅನಧಿಕೃತವಾಗಿ ಮನೆ ಕಟ್ಟಿಕೊಂಡವರಿಗೆ ಹಕ್ಕುಪತ್ರ ಕೊಡುವ ಕಲಮು ಅದು. ಮಲೆನಾಡಿನಲ್ಲಿ ಎಷ್ಟೋ ಬಡವರ ಸೂರು ಉಳಿದದ್ದು ಅದರಿಂದ. ಆದರೆ ಅದು 2015ರ ಜನವರಿ 1ಕ್ಕಿಂತ ಮೊದಲೇ ಎದ್ದಿದ್ದ ವಾಸದ ಮನೆಗೆ. ಹೊಸದಾಗಿ ಕಟ್ಟುವ ಮನೆಗೆ ಸಲ್ಲುವುದಿಲ್ಲ, ಕೊಟ್ಟಿಗೆಗಂತೂ ಅಲ್ಲವೇ ಅಲ್ಲ. ಇನ್ನು ಬೆಟ್ಟದ ನೆಲಕ್ಕೆ ಅರಣ್ಯದ ಲೆಕ್ಕವೂ ತಗಲುತ್ತದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾಖಲೆಯಲ್ಲಿ ಯಾರ ಹೆಸರೇ ಇರಲಿ, ಸಾಮಾನ್ಯ ಅರ್ಥದಲ್ಲಿ ಕಾಡು ಎನ್ನಿಸಿದ್ದಕ್ಕೆಲ್ಲ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಅಲ್ಲಿಂದಾಚೆ ಹುಟ್ಟಿದ ಡೀಮ್ಡ್ ಅರಣ್ಯದ, ಅಂದರೆ ಕಾಡೆಂದು ಪರಿಗಣಿಸಿದ ನೆಲದ, ಪಟ್ಟಿಯಲ್ಲಿ ತಮ್ಮ ಬೆಟ್ಟ ಇದೆಯೋ ಇಲ್ಲವೋ ಎಂದು ನೋಡದೆ ಅಲ್ಲಿ ಗುದ್ದಲಿ ಹಾಕುವುದು ಬುದ್ಧಿವಂತರ ಕೆಲಸವಲ್ಲ. ಸರ್ಕಾರಿ ಜಮೀನಿನ ಒತ್ತುವರಿ ಭೂಕಂದಾಯ ಅಧಿನಿಯಮದ 192ಎ ಕಲಮಿನಲ್ಲಿ ಅಪರಾಧ. ದಂಡ ಕಟ್ಟಿ ಮುಗಿಸುವ ವಿಷಯವೂ ಅಲ್ಲ.

ಕಾನೂನು ಬಿಟ್ಟು ನನ್ನದೇ ಒಂದು ತಕರಾರು ಇತ್ತು. ಆ ಮಟ್ಟ ಜಾಗದ ಬೆನ್ನಿಗೆ ಇರುವುದು ಕೆಮ್ಮಣ್ಣಿನ ಧರೆ. ಆಗುಂಬೆ ಸುತ್ತಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಹೊಡೆಯುತ್ತದೆ. ಜೆಸಿಬಿಯಲ್ಲಿ ಧರೆಯ ಬುಡ ನೆಟ್ಟಗೆ ಕಡಿದು, ಅದಕ್ಕೆ ತಾಗಿ ಗೋಡೆ ಎಬ್ಬಿಸಿದರೆ ಮೊದಲ ಎರಡು ಮಳೆಗಾಲ ತಡೆಯಬಹುದು. ಹಳೆಯವರು ಧರೆಗೆ ಬೆನ್ನು ಕೊಟ್ಟು ಮನೆ ಕಟ್ಟಿದರೂ ನಡುವೆ ಆಳವಾದ ಅಗಳು ತೋಡಿ ನೀರಿಗೆ ದಾರಿ ಬಿಡುತ್ತಿದ್ದರು. ಈಗ ಯಂತ್ರ ಸಿಕ್ಕ ಉಮೇದಿನಲ್ಲಿ ಆ ಅಗಳಿನ ಜಾಗವನ್ನೂ ಕೋಣೆ ಮಾಡಿಬಿಡುತ್ತಾರೆ. ಈ ವಿಷಯದಲ್ಲಿ ಪಂಚಾಯಿತಿಯ ಪರವಾನಗಿ ನಿಮ್ಮನ್ನು ಕಾಯುವುದಿಲ್ಲ.

ಆ ಜಾಗ ಅಲ್ಲಿಗೆ ಬಿತ್ತು. ಇನ್ನು ಉಳಿದದ್ದು 12 ಗುಂಟೆ ಖರಾಬು, ಅದರೊಳಗೆ ಹಳೆ ಮನೆ ಮತ್ತು ಅಂಗಳ ಬಿಟ್ಟರೆ ಕಣ.

ಮನೆಯಲ್ಲಿ ಮಾತು ಬಿಸಿಯಾದದ್ದು ಕಣದ ಮೇಲೆ. ಗದ್ದೆ ಮಾಡುವುದನ್ನು ಕಡಿಮೆ ಮಾಡಿದ ಮೇಲೆ ಅಲ್ಲಿ ಭತ್ತ ಬಡಿಯುವುದು ನಿಂತಿತ್ತು. ಈಗ ಅಡಿಕೆ ಒಣಗುತ್ತದೆ, ಬೈಕು ನಿಲ್ಲುತ್ತದೆ. ದೊಡ್ಡ ಮಗನಿಗೆ ಒಣಗಿಸುವ ಜಾಗ ಹೋಗುತ್ತದೆಂಬ ಚಿಂತೆ. ಅಮ್ಮನದು ಬೇರೆಯದೇ. "ಕಣ ಅಂದ್ರೆ ಲಕ್ಷ್ಮಿ ಬರೋ ಜಾಗ. ಅಲ್ಲಿ ಬಚ್ಚಲು ಕಕ್ಕಸು ಕಟ್ತೀರಾ?" ಎಂದರು. ಇದಕ್ಕೆ ನಿಯಮದ ಪುಸ್ತಕದಲ್ಲಿ ಉತ್ತರವಿಲ್ಲ. ಕಣದ ಬಾವಿ ಕಡೆಯ ಮುಕ್ಕಾಲು ಭಾಗ ಹಾಗೇ ಬಿಟ್ಟು, ತೋಟದ ಕಡೆಯ ಮೂಲೆಗೆ ಮನೆ ಸರಿಸಿ, ಬಚ್ಚಲನ್ನು ಕಣದ ಗೆರೆಯಿಂದ ಆಚೆ, ಇಳಿಜಾರಿನ ಬದಿಗೆ ತಂದಾಗ ಅಮ್ಮ ಸುಮ್ಮನಾದರು. ಅವರ ಮಾತಿನಿಂದ ನಕ್ಷೆಗೆ ಒಳ್ಳೆಯದೇ ಆಯಿತು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕೆಂಬುದು ಭಾರತೀಯ ಮಾನಕದ ಲೆಕ್ಕ. ಮೊದಲ ನಕ್ಷೆಯಲ್ಲಿ ಅದು ಬಾವಿಯ ಮೇಲ್ಮಗ್ಗುಲಿಗೆ ಬರುತ್ತಿತ್ತು. ತೋಟದ ಮೇಲೆ ಹಾಯ್ದ 11 ಕೆ.ವಿ. ತಂತಿಯಿಂದಲೂ ದೂರ ಸಿಕ್ಕಿತು. ಆ ತಂತಿಗೆ ಮತ್ತು ಕಟ್ಟಡಕ್ಕೆ ಅಡ್ಡದಲ್ಲಿ ಕನಿಷ್ಠ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರ ಬೇಕು.

ಈಗ ಮುಖ್ಯ ಪ್ರಶ್ನೆ. ತನ್ನದೇ ಕೃಷಿ ಹಿಡುವಳಿಯಲ್ಲಿ ರೈತ ಎರಡನೇ ಮನೆ ಕಟ್ಟಲು ಭೂಪರಿವರ್ತನೆ, ಅಂದರೆ ಕೃಷಿ ನೆಲವನ್ನು ಬೇರೆ ಬಳಕೆಗೆ ಬದಲಿಸುವ ಆದೇಶ, ಬೇಕೇ?

ಭೂಕಂದಾಯ ಅಧಿನಿಯಮದ 95ನೇ ಕಲಮಿನ ಮೊದಲ ಉಪಕಲಮನ್ನು ನಿಧಾನವಾಗಿ ಓದಬೇಕು. ಕೃಷಿ ಜಮೀನಿನಲ್ಲಿ ರೈತ ತೋಟದ ಮನೆ ಕಟ್ಟಿಕೊಳ್ಳಬಹುದು, ಪರಿವರ್ತನೆ ಬೇಡ. ಮಿತಿ ಎರಡು. ಒಂದು ವಿಸ್ತೀರ್ಣದ್ದು: ಹಿಡುವಳಿಯ ಶೇ. 10 ಮೀರಬಾರದು, ಅದರ ಮೇಲೂ ನಿಯಮದಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಉಂಟು. ಇನ್ನೊಂದು ಬಳಕೆಯದ್ದು: ಆ ಮನೆ ರೈತ ಅಥವಾ ಅವನ ಕುಟುಂಬದವರ ವಾಸಕ್ಕೆ, ಕೃಷಿ ಸಲಕರಣೆ ಇಡಲಿಕ್ಕೆ, ದನ ಕಟ್ಟಲಿಕ್ಕೆ. ವ್ಯಾಪಾರಕ್ಕಾಗಿ ಬಾಡಿಗೆಗೆ ಬಿಡುವಂತಿಲ್ಲ.

ವಿಸ್ತೀರ್ಣದ ಲೆಕ್ಕ ಇವರಿಗೆ ಸಲೀಸು. 4 ಎಕರೆಗೆ 160 ಗುಂಟೆ, ಅದರ ಹತ್ತನೇ ಒಂದು ಪಾಲು 16 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ 17,424 ಚದರ ಅಡಿ. ಹಳೆ ಮನೆ 2,040, ಕೊಟ್ಟಿಗೆ 720, ಒಲೆಯ ಮಾಡು 600, ಸಾಮಾನಿನ ಕೋಣೆ 384. ಹೊಸ ಮನೆಯ 1,008 ಸೇರಿಸಿದರೆ ಒಟ್ಟು 4,752 ಚದರ ಅಡಿ, ನಾಲ್ಕೂವರೆ ಗುಂಟೆಗೂ ಒಳಗೆ. ಕುಟುಂಬದವರ ವಾಸ ಎನ್ನುವುದಕ್ಕೂ ಅಡ್ಡಿಯಿಲ್ಲ. ಮಗ ಕುಟುಂಬದವನಲ್ಲದೆ ಇನ್ನಾರು?

ಇಲ್ಲಿ ಒಂದು ಸೂಕ್ಷ್ಮವಿದೆ, ಪಾಲು ಮಾಡಿಕೊಳ್ಳುವ ಆತುರದಲ್ಲಿ ಜನ ಇದನ್ನು ಗಮನಿಸುವುದಿಲ್ಲ. ಶೇ. 10 ಲೆಕ್ಕ ಹಾಕುವುದು ಹಿಡುವಳಿಯ ಮೇಲೆ. ಅಣ್ಣತಮ್ಮಂದಿರು ಮೊದಲು ಪಾಲು ಮಾಡಿಕೊಂಡು ತಲಾ 2 ಎಕರೆ ಪಹಣಿ ಮಾಡಿಸಿಕೊಂಡರೆ ಪ್ರತಿಯೊಬ್ಬನಿಗೂ 8 ಗುಂಟೆ. ಅಷ್ಟೂ ಸಾಕೆನ್ನೋಣ, ಆದರೆ ಕಣ ಅಣ್ಣನ ಪಾಲಿಗೆ ಬಂದರೆ ತಮ್ಮ ತನ್ನ ಮನೆಯನ್ನು ತರಿ ಗದ್ದೆಯಲ್ಲೋ ತೋಟದ ನಡುವೆಯೋ ಹುಡುಕಬೇಕು. ಇನ್ನೂ ಚಿಕ್ಕ ಹಿಡುವಳಿಗಳಲ್ಲಿ, ಒಂದು ಎಕರೆಯನ್ನು ನಾಲ್ವರು ಹಂಚಿಕೊಂಡ ಕಡೆ, ಒಬ್ಬೊಬ್ಬನಿಗೆ ಉಳಿಯುವುದು ಒಂದು ಗುಂಟೆ, 33 ಅಡಿಗೆ 33 ಅಡಿ. ಅದರಲ್ಲಿ ಮನೆಯೂ ಕೊಟ್ಟಿಗೆಯೂ ಆಗಬೇಕು. ಪಾಲಿಗಿಂತ ಮೊದಲು ಮನೆಯ ಜಾಗ ತೀರ್ಮಾನವಾಗಲಿ ಎಂದು ಈ ಮನೆಯಲ್ಲಿ ನಾನು ಒತ್ತಿ ಹೇಳಿದ್ದು ಇದಕ್ಕೇ.

ಬಳಕೆಯ ಮಿತಿ ಮಾತ್ರ ಕುತ್ತಿಗೆಗೆ ಬಂತು. ಅತಿಥಿಗೆ ಕೋಣೆ ಕೊಟ್ಟು ಹಣ ಪಡೆದ ದಿನ ಅದೇ ಗೋಡೆ, ಅದೇ ಹೆಂಚು, ಅದೇ ನೆಲದ ಮೇಲೆ ನಿಂತಿದ್ದರೂ ಕಾನೂನಿನ ಕಣ್ಣಿಗೆ ತೋಟದ ಮನೆಯಾಗಿ ಉಳಿಯುವುದಿಲ್ಲ. "ಹೋಮ್‌ಸ್ಟೇ ಅಂದ್ರೆ ನಮ್ಮ ಮನೇಲೇ ಉಳಿಸ್ಕೊಳ್ಳೋದಲ್ವಾ, ಲಾಡ್ಜ್ ಅಲ್ಲವಲ್ಲ" ಎಂದ ಸಣ್ಣ ಮಗ. ಅವನ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿಗೆ ಮನೆಯವರು ಅಲ್ಲೇ ವಾಸವಿರಬೇಕೆಂಬುದು ಮೊದಲ ಷರತ್ತು, ಆ ಷರತ್ತಿಗೆ ಇವನು ಸಲ್ಲುತ್ತಾನೆ. ಆದರೆ ಆ ಇಲಾಖೆ ನೋಡುವುದು ಅತಿಥಿ ಸತ್ಕಾರದ ಮಟ್ಟವನ್ನು, ಕಂದಾಯ ಇಲಾಖೆ ನೋಡುವುದು ನೆಲದ ಬಳಕೆಯನ್ನು. ಒಂದರ ಪ್ರಮಾಣಪತ್ರ ಇನ್ನೊಂದರ ಬಾಗಿಲು ತೆರೆಯುವುದಿಲ್ಲ. ಮಲೆನಾಡಿನ ರಸ್ತೆಗಳಲ್ಲಿ ಬೋರ್ಡು ತೂಗುಹಾಕಿಕೊಂಡ ಹೋಮ್‌ಸ್ಟೇಗಳಲ್ಲಿ ಪರಿವರ್ತನೆಯಾಗದ ನೆಲದ ಮೇಲೆ ನಿಂತವು ಬೇಕಾದಷ್ಟಿವೆ. ಯಾರೂ ಕೇಳದೆ ಇರುವುದು ಅನುಮತಿಯಲ್ಲ, ನೆರೆಯವನೊಬ್ಬ ಮೂಗರ್ಜಿ ಬರೆಯುವ ತನಕದ ಬಿಡುವು ಅಷ್ಟೇ.

ದೊಡ್ಡ ಮಗ ನಡುವೆ ಇನ್ನೊಂದು ಮಾತು ತಂದ. ಮನೆ ಕಟ್ಟಿ, ಸಣ್ಣವನು ಬೆಂಗಳೂರಿಗೆ ಹೋದ ಕಾಲದಲ್ಲಿ ಕೆಲಸದವರ ಸಂಸಾರಕ್ಕೆ ಕೊಟ್ಟರೆ? ಸುಗ್ಗಿಯಲ್ಲಿ ಅಡಿಕೆ ಕೊನೆ ತೆಗೆಯಲು, ಸುಲಿಯಲು ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಜನ ಬರುತ್ತಾರೆ, ಉಳಿಯಲು ಜಾಗ ಕೇಳುತ್ತಾರೆ. ಅಪ್ಪಯ್ಯ ಕೂಡಲೇ ತಲೆ ಅಲ್ಲಾಡಿಸಿದರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗಿನ ನೆನಪು ಈ ಕಡೆಯ ಹಿರಿಯರಲ್ಲಿ ಇನ್ನೂ ಹಸಿ. ಆ ಕಾಯ್ದೆಯ 38ನೇ ಕಲಮು ಬೇರೆಯವರ ನೆಲದ ಮೇಲಿನ ಮನೆಯಲ್ಲಿ ವಾಸವಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯ ಒಡೆತನ ಕೊಟ್ಟಿತು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆಯಲ್ಲಿ ಅದು ನ್ಯಾಯವಾಗಿಯೇ ಬಂದ ಕಾನೂನು, ನನಗೆ ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಜಮೀನಿರುವವರು ಅದರಿಂದ ಕಲಿತ ಪಾಠ ಎಂಥದ್ದೆಂದರೆ, ಕೆಲಸದವರಿಗೆ ಗಟ್ಟಿ ಗೋಡೆಯ ಮನೆ ಕೊಡದೆ ಚಪ್ಪರದಲ್ಲಿ, ತಗಡಿನ ಶೆಡ್ಡಿನಲ್ಲಿ ಉಳಿಸುವುದು. ಈ ಭಯ ಹಳೆಯದಾದರೂ ಅದರ ಬೆಲೆಯನ್ನು ಇವತ್ತಿಗೂ ತೆರುತ್ತಿರುವವರು ಆ ಶೆಡ್ಡಿನಲ್ಲಿ ಮಲಗುವವರು. ಆ ಮಾತು ಅಲ್ಲಿಗೇ ನಿಂತಿತು. ಮುಂದುವರಿಯಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ಹೆದರಿಕೆ ಊರಲ್ಲೆಲ್ಲ ಓಡಾಡುತ್ತಿತ್ತು: ಕಸ್ತೂರಿರಂಗನ್ ವರದಿ ಬಂದರೆ ಒಂದು ಇಟ್ಟಿಗೆ ಇಡಲೂ ಆಗುವುದಿಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2014ರ ಮಾರ್ಚ್‌ನಲ್ಲಿ ಮೊದಲು ಬಂತು. 2024ರ ಜುಲೈ 31ರಂದು ಬಂದದ್ದು ಆರನೆಯದು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಅದರಲ್ಲಿ ಈ ಜಿಲ್ಲೆಯ ಹಳ್ಳಿಗಳೂ ಇವೆ. ಕರಡು ತಡೆಯಹೊರಟಿರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳನ್ನು. ಇವರ ಮನೆ ಸುಮಾರು 94 ಚದರ ಮೀಟರ್. ಇಷ್ಟು ಹೇಳಿದ ಮೇಲೆ ಆ ಚರ್ಚೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅದು ಬೇರೆ ರಾಜಕೀಯ.

ದಾರಿ ಎರಡು ಉಳಿದವು. ಒಂದು, ಪರಿವರ್ತನೆ ಇಲ್ಲದೆ ತೋಟದ ಮನೆಯಾಗಿಯೇ ಕಟ್ಟುವುದು. ಇನ್ನೊಂದು, ಕಣದ ಮೂಲೆಯ 5 ಗುಂಟೆಯನ್ನು 95ನೇ ಕಲಮಿನ ಎರಡನೇ ಉಪಕಲಮಿನಂತೆ ಜಿಲ್ಲಾಧಿಕಾರಿಗಳ ಆದೇಶ ಪಡೆದು ಪರಿವರ್ತಿಸಿಕೊಂಡು ಕಟ್ಟುವುದು. ಯಾವುದೇ ಆದರೂ ಗ್ರಾಮ ಪಂಚಾಯಿತಿಯ ಅನುಮತಿ ತಪ್ಪುವುದಿಲ್ಲ. 'ತೋಟದ ಮನೆಗೆ ಪರವಾನಗಿ ಬೇಡ' ಎಂಬ ಮಾತು ಎಲ್ಲ ಕಡೆ ಕೇಳುತ್ತೇನೆ. ಬೇಡವಾಗಿರುವುದು ಪರಿವರ್ತನೆ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಕಲಮು ಪಂಚಾಯಿತಿಯ ಗಡಿಯೊಳಗೆ ಯಾವ ಕಟ್ಟಡ ಕಟ್ಟಲೂ, ಇದ್ದದ್ದಕ್ಕೆ ಸೇರಿಸಲೂ ಲಿಖಿತ ಅನುಮತಿ ಕೇಳುತ್ತದೆ.

ಅಪ್ಪಯ್ಯನಿಗೆ ಮೊದಲನೆಯದೇ ಇಷ್ಟ. ಪರಿವರ್ತನೆ ಎಂದ ಕೂಡಲೇ ಅವರಿಗೆ ಪಾಲು ಕಾಣುತ್ತಿತ್ತು. "ಇವತ್ತು ಐದು ಗುಂಟೆ ಗೆರೆ ಎಳೀತಾರೆ, ನಾಳೆ ಒಲೆ ಬೇರೆ, ನಾಡಿದ್ದು ತೋಟಕ್ಕೆ ಬೇಲಿ" ಎಂದರು. ಸೊಸೆಯಂದಿರು ಮಾತಾಡಲಿಲ್ಲ, ಒಳಗೆ ಪಾತ್ರೆ ಸದ್ದು ಮಾತ್ರ ಜೋರಾಯಿತು.

ನನ್ನ ಒಲವು ಎರಡನೆಯದಕ್ಕಿತ್ತು, ಕಾರಣ ಹೋಮ್‌ಸ್ಟೇ ಮಾತ್ರ ಅಲ್ಲ. ಸಣ್ಣ ಮಗ ಬ್ಯಾಂಕ್ ಸಾಲ ಮಾಡುವವನಿದ್ದ. ಬ್ಯಾಂಕಿನವರು ಕೇಳುವುದು ಇ-ಸ್ವತ್ತಿನ, ಅಂದರೆ ಗ್ರಾಮ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ. ಗ್ರಾಮಠಾಣದ ಅಥವಾ ಕ್ರಮಬದ್ಧವಾಗಿ ಪರಿವರ್ತನೆಯಾದ ನೆಲಕ್ಕೆ ಅದು ಸಿಗುತ್ತದೆ. ಪರಿವರ್ತನೆಯಿಲ್ಲದ ನೆಲದ ಮನೆಗೆ ಹೆಚ್ಚೆಂದರೆ 11ಬಿ, ಅದನ್ನು ನೋಡಿ ಗೃಹಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿದ್ಯುತ್ ಕಂಪನಿ ಮೆಸ್ಕಾಂನಿಂದ ಬೇರೆ ಮೀಟರ್ ಪಡೆಯುವಾಗಲೂ ಕಾಗದ ಗಟ್ಟಿಯಿದ್ದಷ್ಟು ಅಲೆದಾಟ ಕಡಿಮೆ. ಪಾಲಿನ ಭಯಕ್ಕೆ ನಾನು ಹೇಳಿದ್ದು ಇಷ್ಟೇ: ಪರಿವರ್ತನೆ ನೆಲದ ಬಳಕೆಯನ್ನು ಬದಲಿಸುತ್ತದೆ, ಒಡೆಯನನ್ನಲ್ಲ. ಆದೇಶ ಅಪ್ಪಯ್ಯನ ಹೆಸರಿಗೇ ಬರುತ್ತದೆ. ಸಾಲಕ್ಕೆ ಅಪ್ಪ-ಮಗ ಇಬ್ಬರೂ ಸಹಿ ಹಾಕಬೇಕಾಗುತ್ತದೆ, ಅದು ನಿಜ. ಆ ಜವಾಬ್ದಾರಿ ಬೇಡವೆನ್ನುವುದಾದರೆ ಅದನ್ನು ಬಾಯಿಬಿಟ್ಟು ಹೇಳಲಿ, ಕಾನೂನಿನ ಮೇಲೆ ಹಾಕುವುದು ಬೇಡ.

ಮಾತು ಮುರಿದು ಹೋಗುತ್ತಿದ್ದ ಹೊತ್ತಿಗೆ ದಾರಿ ತೆಗೆದವನು ದೊಡ್ಡ ಮಗ. 5 ಗುಂಟೆಯ ಬದಲು 4 ಗುಂಟೆ. ಒಣಗಿಸುವ ಕಣದ ಕಡೆ ಸೂರಿನ ನೀರು ಬೀಳದ ಹಾಗೆ ಮಾಡಿನ ಇಳಿಜಾರು ತೋಟದ ದಿಕ್ಕಿಗೆ. ಹಳೆ ಅಂಗಳದಿಂದ ಹೊಸ ಮನೆಗೆ ಹೋಗುವ ದಾರಿಯನ್ನು ನಕ್ಷೆಯಲ್ಲೇ ಬರೆಯುವುದು, ಮುಂದೆ ಯಾವತ್ತು ಪಾಲಾದರೂ ಅದು ಇಬ್ಬರಿಗೂ ಸೇರಿದ ದಾರಿ. ಆ ಕೊನೆಯ ಷರತ್ತು ನನಗೆ ತುಂಬ ಹಿಡಿಸಿತು. ಮಲೆನಾಡಿನ ಪಾಲಿನ ವ್ಯಾಜ್ಯಗಳಲ್ಲಿ ಗೋಡೆಗಿಂತ ಹೆಚ್ಚು ಜಗಳ ನಡೆಯುವುದು ದಾರಿಗೆ ಮತ್ತು ನೀರಿಗೆ.

4 ಗುಂಟೆ ಅಂದರೆ 4,356 ಚದರ ಅಡಿ. 1,008 ಅಡಿಯ ಮನೆಗೆ ಸುತ್ತ ಧಾರಾಳ ಜಾಗ ಬಿಡಬಹುದು, ಇಂಗುಗುಂಡಿಯೂ ಅದರೊಳಗೇ ಬರುತ್ತದೆ. 'ಅ' ಖರಾಬು ಹಿಡುವಳಿದಾರನದೇ ಆದ್ದರಿಂದ ಪರಿವರ್ತನೆಗೆ ಅದು ಅಡ್ಡ ಬರಲಿಲ್ಲ. ಅದೇ 'ಬ' ಆಗಿದ್ದರೆ ಅರ್ಜಿ ಹಾಕುವ ಮಾತೇ ಇರಲಿಲ್ಲ. ಪರಿವರ್ತಿಸುವ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ಪ್ರಮಾಣಪತ್ರದೊಂದಿಗೆ ಆನ್‌ಲೈನಿನಲ್ಲಿ ಅರ್ಜಿ ಹೋಯಿತು. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದಾಗ ನೋಡಿದ ಮೊದಲ ಸಂಗತಿ ಹೊಸ ಮನೆಯ ಜಾಗವಲ್ಲ, ಗೆರೆ ದಾಟಿದ ಕೊಟ್ಟಿಗೆ. ಅದನ್ನು ನಕ್ಷೆಯಲ್ಲಿ ಮುಚ್ಚಿಡದೆ ಇದ್ದ ಹಾಗೆಯೇ ತೋರಿಸಿದ್ದೆವು, ಅದರಿಂದ ಮಾತು ಸುಲಭವಾಯಿತು.

ಕೊಟ್ಟಿಗೆಯ ವಿಷಯದಲ್ಲಿ ಕುಟುಂಬ ತೆಗೆದುಕೊಂಡ ತೀರ್ಮಾನ ನನ್ನ ಸಲಹೆಗಿಂತ ಒಂದು ಹೆಜ್ಜೆ ಮುಂದಿತ್ತು. ಬೆಟ್ಟದ ಕಡೆಯ ಎರಡು ಅಂಕಣಕ್ಕೆ ಹೊಸ ಹೆಂಚು, ಸಿಮೆಂಟು ಏನೂ ಹಾಕಬೇಡಿ ಎಂದಷ್ಟೇ ನಾನು ಹೇಳಿದ್ದೆ. ಈಗಿರುವುದು ಎರಡು ಹಸು, ಒಂದು ಕರು. ಅಷ್ಟಕ್ಕೆ ಮುಂದಿನ ಅಂಕಣಗಳು ಸಾಕು ಎಂದು ಅಪ್ಪಯ್ಯನೇ ಹಿಂದಿನದನ್ನು ಬಿಚ್ಚಿಸಿದರು. ಗೊಬ್ಬರಗುಂಡಿ ತೋಟದ ಅಂಚಿಗೆ ಬಂತು. ಬಿಚ್ಚಿದ ಮರದಲ್ಲಿ ಹೊಸ ಮನೆಯ ಜಗುಲಿಗೆ ನಾಲ್ಕು ಕಂಬ ಆದವು.

ಪರಿವರ್ತನೆಯ ಆದೇಶ, ಪಂಚಾಯಿತಿ ಪರವಾನಗಿ, ನಮೂನೆ 9 ಮತ್ತು 11ಎ ಈ ಕ್ರಮದಲ್ಲಿ ಕೈಗೆ ಬಂದ ಮೇಲೆ ಪಾಯ ತೆಗೆದರು. ಆದೇಶದಲ್ಲಿ ಬರೆದಿರುವುದು ವಾಸದ ಉದ್ದೇಶ ಎಂದು. ಹೋಮ್‌ಸ್ಟೇ ನೋಂದಣಿಯ ಅರ್ಜಿಯನ್ನು ಮನೆ ಮುಗಿದು, ಸಣ್ಣ ಮಗ-ಸೊಸೆ ಅಲ್ಲಿ ವಾಸಕ್ಕೆ ಬಂದ ಮೇಲಷ್ಟೇ ಹಾಕುವುದೆಂದು ಮಾತಾಗಿದೆ. ಅದಕ್ಕೂ ಮೊದಲು ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಈ ಮಳೆಗಾಲದೊಳಗೆ ಮಾಡು ಹೊದೆಸುವ ಅವಸರದಲ್ಲಿದ್ದಾರೆ.